ಆರು ತಿಂಗಳು ಅಂದರೆ ಯಾವ ದಿನದಿಂದ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇರೆ ದೇಶದಲ್ಲಿ ಆಶ್ರಯ (ಅಸೈಲಂ) ಕೋರಿ ಅರ್ಜಿ ಹಾಕಿದವರು ಎಷ್ಟು ದಿನ ಕಾಯಬೇಕು, ಕಾಯುವಾಗ ಏನು ಮಾಡಬಹುದು ಎಂದು ಕೇಳಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ರಿಟನ್ನಿಗೆ ಸಂಬಂಧಿಸಿದವು. ಹಾಗಾಗಿ ಈ ಸಲ ಅಲ್ಲಿನ ಗೃಹ ಇಲಾಖೆಯಾದ ಹೋಮ್ ಆಫೀಸಿನ ಪದ್ಧತಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಪತ್ರಗಳಲ್ಲಿದ್ದ ವೈಯಕ್ತಿಕ ವಿವರ ತೆಗೆದು, ಪ್ರಶ್ನೆಯ ತಿರುಳನ್ನಷ್ಟೇ ಉಳಿಸಿಕೊಂಡಿದ್ದೇವೆ.

ಶಿವಮೊಗ್ಗದ ಕಾನೂನು ವಿದ್ಯಾರ್ಥಿ: ಬ್ರಿಟನ್ನಿನಲ್ಲಿ ಆಶ್ರಯ ಅರ್ಜಿಯನ್ನು ಆರು ತಿಂಗಳಲ್ಲಿ ಇತ್ಯರ್ಥ ಮಾಡಬೇಕು ಎಂದು ಓದಿದ್ದೇನೆ. ಇದು ನಮ್ಮ ಸಕಾಲದ ಗಡುವಿನಂತೆಯೇ? ದಾಟಿದರೆ ಪರಿಹಾರ ಇದೆಯೇ?

ಸಕಾಲದಂಥದ್ದು ಅಲ್ಲಿಲ್ಲ. ನೀವು ತಾಲೂಕು ಕಚೇರಿಗೆ ಜಾತಿ ಪ್ರಮಾಣಪತ್ರದ ಅರ್ಜಿ ಕೊಟ್ಟರೆ ಕೈಗೊಂದು ಜಿಎಸ್‌ಸಿ ಸಂಖ್ಯೆ ಬರುತ್ತದೆ. ಗಡುವು ದಾಟಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಮೇಲ್ಮನವಿ ಯಾರಿಗೆ ಎಂಬುದೂ 2011ರ ಕಾಯ್ದೆಯಲ್ಲೇ ಇದೆ. ಮೊತ್ತ ಚಿಕ್ಕದಿರಬಹುದು. ಆದರೆ ತಡ ಮಾಡಿದ್ದು ಕಚೇರಿಯ ತಪ್ಪು ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತಲ್ಲ, ಅದು ದೊಡ್ಡದು. ಬ್ರಿಟನ್ನಿನ ಆಶ್ರಯ ವ್ಯವಸ್ಥೆಯಲ್ಲಿ ಇಂಥ ಒಪ್ಪಿಗೆಯೇ ಇಲ್ಲ.

ನೀವು ಓದಿದ ‘ಆರು ತಿಂಗಳು’ ಎರಡು ಕಡೆಯಿಂದ ಬಂದದ್ದು, ಎರಡನ್ನೂ ಜನ ಕಲಸಿಬಿಡುತ್ತಾರೆ. ಮೊದಲನೆಯದು ಸೇವಾ ಗುಣಮಟ್ಟದ ಗುರಿ. 2014ರಲ್ಲಿ ಹೋಮ್ ಆಫೀಸ್ ತನಗೆ ತಾನೇ ಹಾಕಿಕೊಂಡದ್ದು: ‘ಸರಳ’ ಅರ್ಜಿಗಳಲ್ಲಿ 98 ಶೇಕಡಾ ಆರು ತಿಂಗಳಲ್ಲಿ ಮುಗಿಯಬೇಕು. ಯಾವುದು ಸರಳ ಎಂದು ನಿರ್ಧರಿಸುವುದು ಅದೇ ಕಚೇರಿ. ಚಿತ್ರಹಿಂಸೆಯ ಬಗ್ಗೆ ವೈದ್ಯಕೀಯ ವರದಿ ಬರಬೇಕಿದೆ, ವಯಸ್ಸಿನ ಬಗ್ಗೆ ತಕರಾರಿದೆ, ಮಾನವ ಸಾಗಣೆಯ ಬಲಿಪಶು ಹೌದೋ ಅಲ್ಲವೋ ಎಂಬ ವಿಚಾರಣೆ ಬೇರೆ ನಡೆದಿದೆ ಎಂದಾದರೆ ಕಡತ ‘ಸರಳವಲ್ಲದ’ ಸಾಲಿಗೆ ಹೋಗುತ್ತಿತ್ತು. ಅಂದರೆ ಹೆಚ್ಚು ನೊಂದವರ ಕಡತಗಳೇ ಗುರಿಯ ಲೆಕ್ಕದಿಂದ ಹೊರಗೆ ಬೀಳುತ್ತಿದ್ದವು. ಗುರಿಗೆ ಸೇರಿದ ಕಡತದ ಮೇಲೆ ಕಣ್ಣಿಟ್ಟು ಕೂತ ಕಚೇರಿ, ಗುರಿ ತಪ್ಪಿದ ಅಥವಾ ಗುರಿಯೇ ಇಲ್ಲದ ಕಡತವನ್ನು ಕೈಗೆತ್ತಿಕೊಳ್ಳುವುದು ಕಷ್ಟ. 2019ರ ಜನವರಿಯಲ್ಲಿ ಹೋಮ್ ಆಫೀಸ್ ಈ ಗುರಿಯನ್ನೇ ಕೈಬಿಟ್ಟಿತು.

ಎರಡನೆಯದು ವಲಸೆ ನಿಯಮಾವಳಿಯ 333ಎ ಕಲಮು. ತೀರ್ಮಾನ ಆದಷ್ಟು ಬೇಗ ಆಗಬೇಕು ಎನ್ನುತ್ತದೆ ಅದು. ಅರ್ಜಿ ದಾಖಲಾದ ದಿನದಿಂದ ಆರು ತಿಂಗಳಲ್ಲಿ ಆಗದಿದ್ದರೆ, ತಡವಾಗಿದೆ ಎಂದು ಅರ್ಜಿದಾರರಿಗೆ ತಿಳಿಸಬೇಕು. ಇಲ್ಲವೇ, ಅವರು ಲಿಖಿತವಾಗಿ ಕೇಳಿದ್ದರೆ ಯಾವ ಹೊತ್ತಿಗೆ ತೀರ್ಮಾನ ನಿರೀಕ್ಷಿಸಬಹುದು ಎಂದು ಹೇಳಬೇಕು. ಅದರ ಬೆನ್ನಿಗೇ ಇನ್ನೊಂದು ಸಾಲಿದೆ: ಹಾಗೆ ಹೇಳಿದ ಮಾತ್ರಕ್ಕೆ ಆ ಅವಧಿಯಲ್ಲಿ ತೀರ್ಮಾನ ಕೊಡುವ ಬಾಧ್ಯತೆ ಇಲ್ಲ. ಒಟ್ಟಿನಲ್ಲಿ ನಿಮಗಿರುವುದು ಉತ್ತರ ಕೇಳುವ ಹಕ್ಕು ಮಾತ್ರ. ಅದೂ ಚಿಕ್ಕದೇನಲ್ಲ, ಏಕೆ ಎಂಬುದು ಮುಂದಿನ ಉತ್ತರದಲ್ಲಿದೆ.

‘ದಾಖಲಾದ ದಿನ’ ಎಂಬ ಮಾತಿನ ಕೆಳಗೆ ಗೆರೆ ಎಳೆದುಕೊಳ್ಳಿ. ದೇಶದೊಳಗಿದ್ದು ಅರ್ಜಿ ಹಾಕುವವರು ಮೊದಲು ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು, ಆಮೇಲೆ ಸ್ಕ್ರೀನಿಂಗ್ ಎಂಬ ಆರಂಭದ ಸಂದರ್ಶನಕ್ಕೆ ಸಾಮಾನ್ಯವಾಗಿ ಲಂಡನ್ನಿನ ಕ್ರಾಯ್ಡನ್ನಿಗೆ ಹೋಗಬೇಕು. ಫೋನಿಗೂ ಸ್ಕ್ರೀನಿಂಗಿಗೂ ನಡುವೆ ವಾರಗಳೇ ಕಳೆಯಬಹುದು. ಮನಸ್ಸಿನ ಲೆಕ್ಕ ಫೋನ್ ಮಾಡಿದ ದಿನದಿಂದ ಓಡುತ್ತಿರುತ್ತದೆ, ಕಚೇರಿಯ ಲೆಕ್ಕ ದಾಖಲೆಯ ದಿನದಿಂದ. ಸ್ಕ್ರೀನಿಂಗಿನಲ್ಲಿ ಕೊಡುವ ಕಾಗದಗಳ ಫೋಟೊ ತೆಗೆದು ಎರಡು ಕಡೆ ಇಟ್ಟುಕೊಳ್ಳಬೇಕು.

ಸರಾಸರಿ ಎಷ್ಟು ತಿಂಗಳು ಎಂದೂ ಕೇಳಿದ್ದೀರಿ. ಸರಾಸರಿಯನ್ನು ನಂಬಿ ಲೆಕ್ಕ ಹಾಕಬೇಡಿ. ಸರಾಸರಿಗೆ ಸಿಗುವುದು ತೀರ್ಮಾನವಾದ ಕಡತ. ಮೂಲೆಯಲ್ಲಿ ಕೂತಿರುವ ಕಡತ ಆ ಲೆಕ್ಕಕ್ಕೇ ಬರುವುದಿಲ್ಲ. ಹೊಸ, ಸುಲಭದ ಅರ್ಜಿಗಳನ್ನು ಮೊದಲು ಮುಗಿಸಿದರೆ ಸರಾಸರಿ ಇಳಿಯುತ್ತದೆ, ಹಳೆಯವರ ಕಾಯುವಿಕೆ ಇದ್ದಲ್ಲೇ ಇರುತ್ತದೆ. ಹಳೆಯ ಕಡತ ಕೈಗೆತ್ತಿಕೊಂಡ ವರ್ಷ ಸರಾಸರಿ ಏರುತ್ತದೆ, ಕಚೇರಿ ಚುರುಕಾಗಿಯೇ ಕೆಲಸ ಮಾಡಿದ್ದರೂ. 2023ರಲ್ಲಿ ಆದದ್ದನ್ನೇ ನೋಡಿ. ಆ ವರ್ಷದ ಜೂನ್ ಹೊತ್ತಿಗೆ ಮೊದಲ ತೀರ್ಮಾನಕ್ಕೆ ಕಾಯುತ್ತಿದ್ದವರು ಸುಮಾರು 1,75,000 ಮಂದಿ. ಆಗಿನ ಪ್ರಧಾನಿ ರಿಷಿ ಸುನಕ್ 2022ರ ಡಿಸೆಂಬರಿನಲ್ಲಿ ಕೊಟ್ಟ ಮಾತು, 2022ರ ಜೂನ್ 28ಕ್ಕಿಂತ ಮೊದಲು ಬಂದ ಅರ್ಜಿಗಳನ್ನು 2023ರೊಳಗೆ ಮುಗಿಸುತ್ತೇವೆ ಎಂಬುದಾಗಿತ್ತು. ಆ ದಿನಾಂಕ ಏಕೆಂದರೆ 2022ರ ರಾಷ್ಟ್ರೀಯತೆ ಮತ್ತು ಗಡಿ ಕಾಯ್ದೆಯ ಮುಖ್ಯ ಭಾಗಗಳು ಜಾರಿಗೆ ಬಂದದ್ದು ಅಂದು. ಜೂನ್ 27ರಂದು ದಾಖಲಾದವರ ಕಡತ ಮೇಜಿಗೆ ಬಂತು, 29ರವರದ್ದು ಉಳಿಯಿತು. ಇಬ್ಬರ ಸಂಕಟದಲ್ಲಿ ವ್ಯತ್ಯಾಸವಿರಲಿಲ್ಲ. 2024ರ ಕೊನೆಗೆ ಕಾಯುವವರ ಸಂಖ್ಯೆ ಸುಮಾರು 1,25,000ಕ್ಕೆ ಇಳಿದಿತ್ತು. ಆದರೆ ಮೊದಲ ತೀರ್ಮಾನ ಬೇಗ ಬೇಗ ಹೊರಬಿದ್ದಷ್ಟೂ ತಿರಸ್ಕೃತರ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ರಾಶಿ ಬೀಳುತ್ತದೆ. ಒಂದು ಕಟ್ಟೆಯ ನೀರನ್ನು ಇನ್ನೊಂದು ಕಟ್ಟೆಗೆ ಬಿಟ್ಟ ಹಾಗೆ.

ಲೆಸ್ಟರ್‌ನಲ್ಲಿರುವ ಓದುಗರು: ವಾರಕ್ಕೊಮ್ಮೆ ನಿರಾಶ್ರಿತರ ನೆರವು ಕೇಂದ್ರದಲ್ಲಿ ಸ್ವಯಂಸೇವೆ ಮಾಡುತ್ತೇನೆ. ಸುಡಾನಿನಿಂದ ಬಂದ ಒಬ್ಬರು 14 ತಿಂಗಳಿಂದ ಕಾಯುತ್ತಿದ್ದಾರೆ. ‘ನನ್ನ ಪರವಾಗಿ ಒಂದು ಪತ್ರ ಬರೆದುಕೊಡಿ’ ಎನ್ನುತ್ತಾರೆ. ಏನು ಬರೆಯಲಿ?

ಬರೆಯುವ ಮೊದಲು ನಿಮ್ಮ ಕೈ ಕಾಯ್ದುಕೊಳ್ಳಿ. ಅಲ್ಲಿ ವಲಸೆ ಸಲಹೆ ಕೊಡಲು ಅರ್ಹತೆ ಬೇಕು: ಸಾಲಿಸಿಟರ್‌ನಂಥ ಮಾನ್ಯತೆ ಪಡೆದ ವಕೀಲರಾಗಿರಬೇಕು, ಅಥವಾ ವಲಸೆ ಸಲಹಾ ಪ್ರಾಧಿಕಾರದಲ್ಲಿ ನೋಂದಾಯಿಸಿರಬೇಕು (2025ರ ಜನವರಿಗೆ ಮೊದಲು ಅದರ ಹೆಸರು ಒಐಎಸ್‌ಸಿ). ಉಚಿತವಾಗಿ ಸಲಹೆ ಕೊಡುವ ಸಂಸ್ಥೆಗೂ ಇದು ಅನ್ವಯ. ಮೀರಿದರೆ 1999ರ ಕಾಯ್ದೆಯ 91ನೇ ಸೆಕ್ಷನ್ನಿನಡಿ ಎರಡು ವರ್ಷದವರೆಗೆ ಜೈಲು. ಭಾಷೆಯ ಸಹಾಯ, ಕಾಗದ ಜೋಡಿಸುವುದು, ಸರಿಯಾದ ಸಲಹೆಗಾರರ ಬಳಿಗೆ ಕರೆದೊಯ್ಯುವುದು ನೀವು ಮಾಡಬಹುದಾದದ್ದು. ‘ನಿನ್ನ ಅರ್ಜಿಯಲ್ಲಿ ಇದನ್ನು ಹೇಳು, ಅದನ್ನು ಬಿಡು’ ಎನ್ನುವುದು ಮಾಡಬಾರದ್ದು. ನಿಮ್ಮ ಕೇಂದ್ರಕ್ಕೆ ನೋಂದಣಿ ಇದೆಯೇ, ಯಾವ ಹಂತದ್ದು ಎಂದು ಕೇಳಿ ತಿಳಿದುಕೊಳ್ಳಿ.

ಇನ್ನು ಪತ್ರದ ಮಾತು. ‘14 ತಿಂಗಳಾಯಿತು, ದಯವಿಟ್ಟು ಬೇಗ ಮಾಡಿ’ ಎಂದು ಬರೆದರೆ ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಅಚ್ಚು ಉತ್ತರ ಬರುತ್ತದೆ. ಅದಕ್ಕೆ ಮೊದಲು ನೋಡಬೇಕಾದದ್ದು ಕಡತಕ್ಕೆ ಜೀವ ಇದೆಯೇ ಎಂದು. 333ಸಿ ಕಲಮಿನಡಿ, ಸಂದರ್ಶನಕ್ಕೆ ಹೋಗದಿದ್ದರೆ, ಪ್ರಶ್ನಾವಳಿ ತುಂಬಿ ಕೊಡದಿದ್ದರೆ, ಸಂಪರ್ಕ ತಪ್ಪಿದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಪರಿಗಣಿಸಬಹುದು. ಆಶ್ರಯ ಕೋರಿದವರನ್ನು ಒಂದು ಹೋಟೆಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಬೇರೆ ಊರಿನ ಮನೆಗೆ ಸಾಗಿಸುತ್ತಲೇ ಇರುತ್ತಾರೆ. ಸಂದರ್ಶನದ ಪತ್ರ ಹಳೆಯ ವಿಳಾಸಕ್ಕೆ ಹೋಗಿ ಬಿದ್ದಿರುತ್ತದೆ. ಸಾಗಿಸಿದವರೇ ಸರ್ಕಾರದ ಗುತ್ತಿಗೆದಾರರು, ಹಾಗಾಗಿ ವಿಳಾಸ ಕಚೇರಿಗೆ ಗೊತ್ತಿರುತ್ತದೆ ಎಂದುಕೊಳ್ಳುವುದೇ ನಾವು ಕಂಡ ಅತಿ ದುಬಾರಿ ತಪ್ಪು. ವಸತಿ ನೋಡಿಕೊಳ್ಳುವ ವಿಭಾಗ ಬೇರೆ, ಅರ್ಜಿ ನೋಡುವ ವಿಭಾಗ ಬೇರೆ. ವಿಳಾಸ ಬದಲಾದ ವಾರದಲ್ಲೇ ಅರ್ಜಿ ವಿಭಾಗಕ್ಕೂ ಸಾಲಿಸಿಟರಿಗೂ ಬೇರೆ ಬೇರೆಯಾಗಿ ತಿಳಿಸಿ, ಕಳಿಸಿದ ಇಮೇಲ್ ಉಳಿಸಿಕೊಳ್ಳಬೇಕು. ಫೋನ್ ಸಂಖ್ಯೆ ಬದಲಾದರೂ ಅಷ್ಟೇ.

ಕಡತ ಜೀವಂತವಾಗಿದೆ ಎಂದು ಗೊತ್ತಾದ ಮೇಲೆ, ಅದು ಎಲ್ಲಿ ನಿಂತಿದೆ ಎಂದು ನೋಡಿ. ಸ್ಕ್ರೀನಿಂಗ್ ಆಗಿ ಮುಖ್ಯ ಸಂದರ್ಶನವೇ ಆಗಿಲ್ಲವೆಂದರೆ ಕೇಳಬೇಕಾದದ್ದು ಸಂದರ್ಶನದ ದಿನಾಂಕ. ಸಂದರ್ಶನ ಆಗಿ ತೀರ್ಮಾನ ಬಂದಿಲ್ಲವೆಂದರೆ ಕೇಳಬೇಕಾದದ್ದು ತೀರ್ಮಾನ ಏಕೆ ನಿಂತಿದೆ, ಇನ್ಯಾವ ಮಾಹಿತಿ ಬೇಕು ಎಂದು. ಬೇರೆ ಸುರಕ್ಷಿತ ದೇಶದ ಮೂಲಕ ಬಂದವರಿಗೆ ‘ನಿಮ್ಮ ಅರ್ಜಿಯನ್ನು ಇಲ್ಲಿ ಪರಿಗಣಿಸಬೇಕೇ ಎಂದು ಯೋಚಿಸುತ್ತಿದ್ದೇವೆ’ ಎಂಬ ನೋಟಿಸ್ ಬಂದಿರಬಹುದು. ಬಂದಿದ್ದರೆ, ಅದು ಇನ್ನೂ ಚಾಲ್ತಿಯಲ್ಲಿದೆಯೇ ಎಂದೇ ಕೇಳಬೇಕು. ಮೂರು ಸ್ಥಿತಿಗೂ ಒಂದೇ ಪತ್ರ ಬರೆದರೆ ಮೂರಕ್ಕೂ ಉತ್ತರ ಸಿಗದು.

ಸಲಹೆಗಾರರು ಬರೆಯುವ ಪತ್ರದ ಮೇಲ್ಗಡೆ ಹೋಮ್ ಆಫೀಸಿನ ಉಲ್ಲೇಖ ಸಂಖ್ಯೆ, ಎಆರ್‌ಸಿ ಎಂಬ ಅರ್ಜಿ ನೋಂದಣಿ ಕಾರ್ಡಿನ ಸಂಖ್ಯೆ, ಹುಟ್ಟಿದ ದಿನಾಂಕ, ಅರ್ಜಿ ದಾಖಲಾದ ದಿನಾಂಕ. ಮೊದಲ ವಾಕ್ಯದಲ್ಲೇ ‘333ಎ ಕಲಮಿನಡಿ ಕಾಲಮಿತಿಯ ಮಾಹಿತಿ ಕೋರುತ್ತಿದ್ದೇವೆ’ ಎಂದಿರಲಿ. ಆಮೇಲೆ ಕಾಯುವಿಕೆಯಿಂದ ಆಗುತ್ತಿರುವ ಹಾನಿ, ಅದೂ ಪುರಾವೆ ಇರುವಷ್ಟೇ: ವೈದ್ಯರ ಪತ್ರ, ಮಗುವಿನ ಶಾಲೆಯ ಪತ್ರ, ಊರಲ್ಲಿ ಅಪಾಯದಲ್ಲಿರುವ ಹೆಂಡತಿ ಮಕ್ಕಳ ವಿವರ. ಕರುಣೆ ಹುಟ್ಟಿಸುವ ವಿಶೇಷಣಗಳ ಬದಲು ದಿನಾಂಕಗಳಿರಲಿ. ಒಂದು ಪುಟ ಸಾಕು. ಜೊತೆಗೇ ದತ್ತಾಂಶ ಕಾನೂನಿನಡಿ ತಮ್ಮ ಕಡತದ ಪ್ರತಿ ಕೋರಬಹುದು. ಶುಲ್ಕವಿಲ್ಲ, ಒಂದು ತಿಂಗಳಲ್ಲಿ ಕೊಡಬೇಕೆಂಬುದು ಸಾಮಾನ್ಯ ನಿಯಮ. ಕಡತದೊಳಗಿನ ಟಿಪ್ಪಣಿ ನೋಡಿದರೆ ಎಷ್ಟೋ ಸಲ ತಡದ ನಿಜ ಕಾರಣ ಅಲ್ಲೇ ಕಾಣುತ್ತದೆ.

ಉತ್ತರ ಬರದಿದ್ದರೆ ಆ ಕ್ಷೇತ್ರದ ಸಂಸದರ ಕಚೇರಿ. ಮತದಾನದ ಹಕ್ಕಿಲ್ಲದಿದ್ದರೂ ಆ ಕ್ಷೇತ್ರದಲ್ಲಿ ವಾಸವಾಗಿರುವವರ ಅಹವಾಲನ್ನು ಅಲ್ಲಿನ ಸಂಸದರು ತೆಗೆದುಕೊಳ್ಳುತ್ತಾರೆ, ಅರ್ಜಿದಾರರ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಅದಕ್ಕೂ ಮಿಸುಕದಿದ್ದರೆ ಸಾಲಿಸಿಟರ್ ಮೂಲಕ ನ್ಯಾಯಾಂಗ ಪರಿಶೀಲನೆಗೆ ಪೂರ್ವಭಾವಿ ನೋಟಿಸ್. ಉತ್ತರಕ್ಕೆ ಸಾಮಾನ್ಯವಾಗಿ 14 ದಿನ. ಹೆಚ್ಚಿನವು ಇಲ್ಲೇ ನಿಲ್ಲುತ್ತವೆ, ‘ಇಂತಿಷ್ಟು ತಿಂಗಳಲ್ಲಿ ತೀರ್ಮಾನಿಸುತ್ತೇವೆ’ ಎಂಬ ಉತ್ತರದೊಂದಿಗೆ. ಕೋರ್ಟಿಗೇ ಹೋದರೆ ದಾರಿ ಕಡಿದು. 2007ರಲ್ಲಿ ಲಂಡನ್ನಿನ ಹೈಕೋರ್ಟ್ ಎಫ್‌ಎಚ್ ಪ್ರಕರಣದಲ್ಲಿ ಹೇಳಿದ್ದು ಇದು: ಬಾಕಿ ವಿಲೇವಾರಿಗೆ ಸಮಂಜಸ ಪದ್ಧತಿ ಇಟ್ಟುಕೊಂಡು ಅದನ್ನು ಎಲ್ಲರಿಗೂ ಒಂದೇ ರೀತಿ ಪಾಲಿಸುತ್ತಿದ್ದರೆ, ಬರೀ ತಡವಾಯಿತು ಎಂಬ ಕಾರಣಕ್ಕೆ ಅದು ಕಾನೂನುಬಾಹಿರವಾಗದು. ಹಾಗಾಗಿ ‘ತುಂಬಾ ತಡವಾಯಿತು’ ಎಂಬ ವಾದಕ್ಕಿಂತ ‘ಕೊಟ್ಟ ಮಾತು ತಪ್ಪಿದರು’, ‘ತಮ್ಮದೇ ಆದ್ಯತೆಯ ನಿಯಮವನ್ನು ಈ ಕಡತಕ್ಕೆ ಅನ್ವಯಿಸಲಿಲ್ಲ’ ಎಂಬ ವಾದಕ್ಕೆ ಬಲ. 333ಎ ಪತ್ರದ ಬೆಲೆ ಗೊತ್ತಾಗುವುದು ಇಲ್ಲಿ. ಕಚೇರಿ ಬರೆದುಕೊಟ್ಟ ತಿಂಗಳು ದಾಟಿದ ದಿನ, ಆ ಪತ್ರವೇ ಸಾಕ್ಷಿ.

14 ತಿಂಗಳಾಗಿದೆ ಎಂದಿರಿ. ಹಾಗಾದರೆ ಅವರು ಕೆಲಸದ ಅನುಮತಿಯನ್ನೂ ಕೇಳಬಹುದು. ವಿವರ ಕೆಳಗಿನ ಉತ್ತರದಲ್ಲಿದೆ.

ಹುಬ್ಬಳ್ಳಿಯ ಓದುಗರು: ನನ್ನ ತಮ್ಮ ಇಂಗ್ಲೆಂಡಿನಲ್ಲಿ ಎಂಎಸ್ಸಿ ಮುಗಿಸಿದ್ದಾನೆ, ವೀಸಾ ಮುಗಿಯುತ್ತ ಬಂತು, ಕೆಲಸ ಸಿಕ್ಕಿಲ್ಲ. ‘ಅಸೈಲಂ ಹಾಕಿಸುತ್ತೇವೆ, ತಕ್ಷಣ ವರ್ಕ್ ಪರ್ಮಿಟ್, ತೀರ್ಮಾನಕ್ಕೆ ಐದು ವರ್ಷ ಬೇಕು, ಅಲ್ಲಿವರೆಗೆ ಯಾರೂ ಮುಟ್ಟುವುದಿಲ್ಲ’ ಎಂದು ಏಜೆಂಟ್ ನಾಲ್ಕು ಲಕ್ಷ ಕೇಳುತ್ತಿದ್ದಾನೆ. ಕೊಡಬಹುದೇ?

ಕೊಡಬೇಡಿ. ಏಜೆಂಟ್ ಹೇಳಿದ ಮೂರೂ ಮಾತು ಸುಳ್ಳು.

ಆಶ್ರಯ ಅರ್ಜಿಗೆ ಬ್ರಿಟನ್ನಿನಲ್ಲಿ ಶುಲ್ಕವೇ ಇಲ್ಲ. ಕೆಲಸದ ಅನುಮತಿ ತಕ್ಷಣ ಸಿಗುವುದಿಲ್ಲ. ನಿಯಮಾವಳಿಯ 360ನೇ ಕಲಮಿನ ಪ್ರಕಾರ, ಅರ್ಜಿ ದಾಖಲಾಗಿ ಒಂದು ವರ್ಷವಾದರೂ ಮೊದಲ ತೀರ್ಮಾನ ಬರದಿದ್ದರೆ, ಆ ತಡ ಅರ್ಜಿದಾರನಿಂದ ಆದದ್ದಲ್ಲದಿದ್ದರೆ, ಅನುಮತಿಗಾಗಿ ಬೇರೆಯಾಗಿ ಅರ್ಜಿ ಹಾಕಬಹುದು. ಒಂದು ವರ್ಷವಾದ ಮಾತ್ರಕ್ಕೆ ತಾನಾಗಿ ಬರುವುದಿಲ್ಲ. ಸಿಕ್ಕರೂ ಸರ್ಕಾರ ಗೊತ್ತುಮಾಡಿದ ಉದ್ಯೋಗಗಳಿಗೆ ಮಾತ್ರ, ಸ್ವಂತ ವ್ಯಾಪಾರಕ್ಕಿಲ್ಲ. ಆ ಪಟ್ಟಿ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ದಿನದ ಪಟ್ಟಿಯನ್ನೇ ನೋಡಬೇಕು. ಸಂದರ್ಶನ ಮುಂದೂಡಿಸಿಕೊಂಡವರು, ಕೇಳಿದ ಕಾಗದ ಕೊಡದವರು ಈ ವರ್ಷದ ಲೆಕ್ಕದಲ್ಲಿ ಎಡವುತ್ತಾರೆ.

ಮೂರನೆಯ ಮಾತು ಎಲ್ಲಕ್ಕಿಂತ ಅಪಾಯದ್ದು. 2002ರ ಕಾಯ್ದೆಯ 94ನೇ ಸೆಕ್ಷನ್ನಿನಲ್ಲಿ ಕೆಲವು ದೇಶಗಳ ಪಟ್ಟಿ ಇದೆ, 2005ರಿಂದ ಭಾರತ ಅದರಲ್ಲಿದೆ. ಪಟ್ಟಿಯ ದೇಶದವರ ಅರ್ಜಿ ತಿರಸ್ಕಾರವಾದಾಗ, ಅದು ‘ಸ್ಪಷ್ಟವಾಗಿ ಆಧಾರರಹಿತ’ ಅಲ್ಲ ಎಂದು ಅಧಿಕಾರಿಗೆ ಮನವರಿಕೆಯಾಗದ ಹೊರತು ಆಧಾರರಹಿತ ಎಂದೇ ಪ್ರಮಾಣೀಕರಿಸಬೇಕು. ಹಾಗೆ ಪ್ರಮಾಣೀಕರಿಸಿದರೆ ಮೇಲ್ಮನವಿಯ ಹಕ್ಕೇ ಇಲ್ಲ. ಹಿಂದೆಲ್ಲ ಭಾರತಕ್ಕೆ ಮರಳಿ ಅಲ್ಲಿಂದ ಮೇಲ್ಮನವಿ ಹಾಕಬಹುದಿತ್ತು, 2022ರ ಜೂನ್ 28ರಿಂದ ಅದೂ ನಿಂತಿತು. ಅಂದರೆ ಏಜೆಂಟ್ ಮಾರುತ್ತಿರುವ ‘ಐದು ವರ್ಷದ ಸರದಿ’ಯಲ್ಲಿ ನಿಮ್ಮ ತಮ್ಮನಿಗೆ ಜಾಗವೇ ಇಲ್ಲದಿರಬಹುದು. ಪಾಸ್‌ಪೋರ್ಟ್ ಹೋಮ್ ಆಫೀಸಿನ ಕೈಗೆ ಹೋಗುತ್ತದೆ. ಅಪ್ಪ ಅಮ್ಮನಿಗೆ ಹುಷಾರಿಲ್ಲವೆಂದು ಊರಿಗೆ ಬಂದರೆ ಅರ್ಜಿ ಹಿಂತೆಗೆದುಕೊಂಡಂತೆ. ಮುಂದೆ ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ವೀಸಾ ಕೇಳುವಾಗ ಈ ತಿರಸ್ಕಾರವನ್ನು ಹೇಳಬೇಕಾಗುತ್ತದೆ, ಮುಚ್ಚಿಟ್ಟರೆ ಅದೇ ಇನ್ನೊಂದು ತಪ್ಪು. ಕಟ್ಟಿದ ಕತೆ ಬರೆದುಕೊಟ್ಟವನು ಸಂದರ್ಶನದ ಕೋಣೆಗೆ ಬರುವುದಿಲ್ಲ. ಅಲ್ಲಿ ಗಂಟೆಗಟ್ಟಲೆ ಪ್ರಶ್ನೆ ಎದುರಿಸುವವನು ನಿಮ್ಮ ತಮ್ಮ.

ಆದರೆ ಈ ಮಾತನ್ನು ಇನ್ನೊಂದು ಬಗೆಯಲ್ಲಿ ಯಾರೂ ಓದಬಾರದು. ಭಾರತೀಯರಿಗೆ ಆಶ್ರಯ ಸಿಗುವುದೇ ಇಲ್ಲ ಎಂದಲ್ಲ. ಜಾತಿ ಮೀರಿ ಮದುವೆಯಾಗಿ ಮನೆಯವರಿಂದಲೇ ಕೊಲೆ ಬೆದರಿಕೆ ಇರುವವರು, ಲೈಂಗಿಕ ಒಲವಿನ ಕಾರಣಕ್ಕೆ ಹಿಂಸೆ ಕಂಡವರು, ಪೊಲೀಸರ ಬಳಿ ಹೋದರೂ ರಕ್ಷಣೆ ಸಿಗದವರು ಇದ್ದಾರೆ. ಅವರು ಏಜೆಂಟಿನ ಬಳಿಗಲ್ಲ, ಆಶ್ರಯ ಪ್ರಕರಣ ನೋಡುವ ಸಾಲಿಸಿಟರ್ ಬಳಿಗೆ ಹೋಗಬೇಕು. ಆದಾಯ ಕಡಿಮೆಯಿದ್ದರೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ಕಾನೂನು ನೆರವು ಸಿಗುತ್ತದೆ. ಅವರು ತಡ ಮಾಡಲೂ ಬಾರದು, ವೀಸಾ ಮುಗಿದು ಸಿಕ್ಕಿಬಿದ್ದ ಮೇಲೆ ಬಾಯಿ ಬಿಟ್ಟರೆ 2004ರ ಕಾಯ್ದೆಯ 8ನೇ ಸೆಕ್ಷನ್ನಿನಡಿ ಅದನ್ನೇ ನಂಬಿಕೆಗೆ ವಿರುದ್ಧವಾಗಿ ಎಣಿಸುತ್ತಾರೆ. ಆ ಜನರಿಗೆ ಬೇಕಾದ ಸಂದರ್ಶನದ ಸಮಯವನ್ನು ಇಂಥ ಏಜೆಂಟರ ಕಟ್ಟುಕತೆಗಳು ತಿಂದುಹಾಕುತ್ತವೆ ಎಂಬುದು ನಮಗೆ ನಿಜವಾಗಿಯೂ ನೋವಿನ ಸಂಗತಿ.

ಮಂಗಳೂರಿನ ಓದುಗರು: ಸಂದರ್ಶನದಲ್ಲಿ ಕನ್ನಡ ದುಭಾಷಿಯನ್ನು ಕೇಳಬಹುದೇ? ಹಿಂದಿ ಸಾಕು ಎಂದರೆ ಬೇಗ ಆಗುತ್ತದೆಯೇ?

ಕೇಳಬಹುದು, ದುಭಾಷಿಗೆ ಹಣ ಕೊಡಬೇಕಿಲ್ಲ. ಸ್ಕ್ರೀನಿಂಗಿನಲ್ಲೇ ‘ನನ್ನ ಭಾಷೆ ಕನ್ನಡ’ ಎಂದು ದಾಖಲಿಸಿ. ಕುಂದಾಪುರದ ಕಡೆಯ ಮಾತೋ ಬೀದರಿನ ಕಡೆಯ ಮಾತೋ ಎಂಬುದನ್ನೂ ಹೇಳಿ. ಸಂದರ್ಶನ ಮಾಡುವವರು, ದುಭಾಷಿ ಹೆಂಗಸೇ ಇರಬೇಕು ಅಥವಾ ಗಂಡಸೇ ಇರಬೇಕು ಎಂದೂ ಕೇಳಬಹುದು.

ಹಿಂದಿ ದುಭಾಷಿ ಸುಲಭವಾಗಿ ಸಿಗುತ್ತಾರೆ, ಹಾಗಾಗಿ ದಿನಾಂಕ ಬೇಗ ಸಿಗಬಹುದು. ಆದರೆ ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಜೀವದ ಪ್ರಶ್ನೆ ಹೇಳಹೊರಟವರು ಆಮೇಲೆ ಪಟ್ಟ ಪಾಡು ದೊಡ್ಡದು. ಕನ್ನಡದ ದುಭಾಷಿ ಇದ್ದಾಗಲೂ ಎಡವುವ ಕಡೆಗಳಿವೆ. ನಾವು ‘ಅಣ್ಣ’ ಎನ್ನುವುದು ದೊಡ್ಡಪ್ಪನ ಮಗನನ್ನು, ಪಕ್ಕದ ಮನೆಯ ಹುಡುಗನನ್ನು ಕೂಡ. ಇಂಗ್ಲಿಷಿನಲ್ಲಿ ಅವನು ಒಡಹುಟ್ಟಿದ ಸಹೋದರನಾಗುತ್ತಾನೆ. ಸ್ಕ್ರೀನಿಂಗಿನಲ್ಲಿ ‘ಇಬ್ಬರು ಸಹೋದರರು’, ಸಂದರ್ಶನದಲ್ಲಿ ‘ಮೂವರು’ ಎಂದಾದರೆ ತಿರಸ್ಕಾರದ ಪತ್ರದಲ್ಲಿ ಅದು ‘ವೈರುಧ್ಯ’. ಚಿಕ್ಕಪ್ಪ, ಮಾವ, ಸೋದರಮಾವ, ಭಾವ ಎಲ್ಲರೂ ಒಂದೆರಡು ಇಂಗ್ಲಿಷ್ ಪದಗಳಲ್ಲಿ ಕರಗಿಹೋಗುತ್ತಾರೆ. ‘ಯಾರ ತಮ್ಮ, ಯಾರ ಗಂಡ’ ಎಂದು ಬಿಡಿಸಿಯೇ ಹೇಳಬೇಕು. ‘ಮೊನ್ನೆ ಮೊನ್ನೆ’ ಎಂದರೆ ನಮಗೆ ಕೆಲವು ತಿಂಗಳ ಹಿಂದೆ ಎಂದೂ ಆಗುತ್ತದೆ, ದುಭಾಷಿ ‘ಎರಡು ದಿನದ ಹಿಂದೆ’ ಎಂದುಬಿಡಬಹುದು. ‘ಯುಗಾದಿ ಕಳೆದ ಮೇಲೆ’ ಎಂದು ನೆನಪಿದ್ದರೆ ಹಾಗೆಯೇ ಹೇಳಿ. ಇಂಗ್ಲಿಷ್ ತಿಂಗಳು, ತಾರೀಖು ಊಹಿಸಬೇಡಿ. ‘ಪೊಲೀಸರು ಎತ್ತಾಕಿಕೊಂಡು ಹೋದರು’, ‘ಠಾಣೆಗೆ ಕರೆಸಿದರು’, ‘ಕೇಸು ಹಾಕಿದರು’ ಮೂರೂ ಬೇರೆ ಬೇರೆ ಸಂಗತಿ, ಮೂರನ್ನೂ ‘ಬಂಧಿಸಿದರು’ ಎಂದು ಅನುವಾದಿಸಿದರೆ ಬಂಧನದ ದಾಖಲೆ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ.

ದುಭಾಷಿ ಅರ್ಥವಾಗದಿದ್ದರೆ ಆ ಕ್ಷಣವೇ ಹೇಳಿ, ಅದು ದಾಖಲಾಗಲಿ. ಕೊನೆಯಲ್ಲಿ ‘ಎಲ್ಲ ಅರ್ಥವಾಯಿತೇ’ ಎಂದಾಗ ಮರ್ಯಾದೆಗೆ ‘ಹೂಂ’ ಎನ್ನಬೇಡಿ. ಸಂದರ್ಶನದ ಧ್ವನಿಮುದ್ರಣ ಕೇಳಿ ಪಡೆಯಿರಿ, ಲಿಖಿತ ಪ್ರತಿಯನ್ನೂ ಪಡೆಯಿರಿ. ತಿದ್ದುಪಡಿ, ಹೆಚ್ಚಿನ ಪುರಾವೆ ಕೊಡಲು ಸಾಮಾನ್ಯವಾಗಿ ಐದು ಕೆಲಸದ ದಿನಗಳ ಅವಕಾಶ. ಸಾಲಿಸಿಟರ್ ಜೊತೆ ಕೂತು ಓದಿಸಿಕೊಳ್ಳುವ ದಿನವನ್ನು ಸಂದರ್ಶನಕ್ಕೆ ಮೊದಲೇ ಗೊತ್ತುಮಾಡಿ. ಇಲ್ಲದಿದ್ದರೆ ಐದು ದಿನ ಅಪಾಯಿಂಟ್‌ಮೆಂಟ್ ಹುಡುಕುವುದರಲ್ಲೇ ಹೋಗುತ್ತದೆ.

ಬೆಂಗಳೂರಿನ ಓದುಗರು: ಕಾಯುವ ಕಾಲದಲ್ಲಿ ಹೊಟ್ಟೆಪಾಡು ಹೇಗೆ?

ಕೈಯಲ್ಲಿ ಏನೂ ಇಲ್ಲದವರಿಗೆ 1999ರ ಕಾಯ್ದೆಯ 95ನೇ ಸೆಕ್ಷನ್ನಿನಡಿ ವಸತಿ ಮತ್ತು ಭತ್ಯೆ. ಅಡುಗೆ ಮಾಡಿಕೊಳ್ಳುವ ವಸತಿಯಲ್ಲಿ 2024ರ ಜನವರಿಯಿಂದ ತಲೆಗೆ ವಾರಕ್ಕೆ 49.18 ಪೌಂಡ್ ನಿಗದಿಯಾಗಿತ್ತು, ಊಟ ಕೊಡುವ ಹೋಟೆಲಿನಲ್ಲಿ ಅದು ಬಹಳ ಕಡಿಮೆ. ಹಣ ಆಸ್ಪೆನ್ ಎಂಬ ಕಾರ್ಡಿಗೆ ಬರುತ್ತದೆ. ಊರನ್ನು ಆರಿಸಿಕೊಳ್ಳುವಂತಿಲ್ಲ. ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಉಚಿತ, ಮಕ್ಕಳಿಗೆ ಶಾಲೆ ಇದೆ.

ಯಾರೂ ಎಚ್ಚರಿಸದ ಕಷ್ಟ ಒಳ್ಳೆಯ ಸುದ್ದಿಯ ಮರುದಿನ ಶುರುವಾಗುತ್ತದೆ. ಆಶ್ರಯ ಮಂಜೂರಾದ ತಿಳಿವಳಿಕೆ ಬಂದ ಮೇಲೆ ನಿಯಮದ ಪ್ರಕಾರ 28 ದಿನಕ್ಕೆ ಭತ್ಯೆಯೂ ವಸತಿಯೂ ನಿಲ್ಲುತ್ತವೆ. ಯೂನಿವರ್ಸಲ್ ಕ್ರೆಡಿಟ್ ಎಂಬ ಸಾಮಾನ್ಯ ಭತ್ಯೆಗೆ ಅರ್ಜಿ ಹಾಕಿದರೆ ಮೊದಲ ಹಣಕ್ಕೆ ಸುಮಾರು ಐದು ವಾರ. ಅರ್ಜಿಯನ್ನು ಮೊದಲ ದಿನವೇ ಹಾಕಿದರೂ ಒಂದು ವಾರ ಖಾಲಿ ಕೈ. ಗೆದ್ದವರು ಬೀದಿಗೆ ಬೀಳುವುದು ಈ ಲೆಕ್ಕದಿಂದ. ಆದ್ದರಿಂದ ಮಂಜೂರಾತಿ ಪತ್ರ ಬಂದ ದಿನವೇ ಯೂನಿವರ್ಸಲ್ ಕ್ರೆಡಿಟ್ ಅರ್ಜಿ ಹಾಕಿ, ಮುಂಗಡ ಕೇಳಬೇಕು. ಅದೇ ದಿನ ಸ್ಥಳೀಯ ಕೌನ್ಸಿಲ್ಲಿಗೆ ‘ಮನೆ ಕಳೆದುಕೊಳ್ಳುತ್ತಿದ್ದೇವೆ’ ಎಂದು ತಿಳಿಸಬೇಕು. ಇಂಗ್ಲೆಂಡಿನಲ್ಲಿ 2017ರ ಕಾಯ್ದೆಯಡಿ 56 ದಿನದೊಳಗೆ ಮನೆ ಕಳೆದುಕೊಳ್ಳುವ ಸ್ಥಿತಿಯಲ್ಲಿರುವವರಿಗೆ ನೆರವಾಗುವ ಕರ್ತವ್ಯ ಕೌನ್ಸಿಲ್ಲಿನದ್ದು. ಹೊರಹಾಕುವ ನೋಟಿಸ್ ಬರಲಿ ಎಂದು ಕಾಯಬಾರದು.

ನ್ಯೂಜೆರ್ಸಿಯ ಓದುಗರು: ಅಮೆರಿಕದಲ್ಲಿ 180 ದಿನದೊಳಗೆ ತೀರ್ಮಾನ ಎಂದು ಕಾನೂನಿನಲ್ಲೇ ಬರೆದಿದೆಯಲ್ಲ?

ಬರೆದಿದೆ. ಅಸಾಧಾರಣ ಸಂದರ್ಭ ಇಲ್ಲದಿದ್ದರೆ 45 ದಿನದೊಳಗೆ ಮೊದಲ ಸಂದರ್ಶನ, 180 ದಿನದೊಳಗೆ ತೀರ್ಮಾನ. ಆದರೆ ಇದರಿಂದ ಯಾರಿಗೂ ಹಕ್ಕು ಹುಟ್ಟುವುದಿಲ್ಲ ಎಂದು ಅದೇ ಕಾನೂನು ಕೊನೆಗೆ ಸೇರಿಸಿದೆ. ಕೆಲಸದ ಅನುಮತಿ 180 ದಿನಕ್ಕೆ ಮುಂಚೆ ಸಿಗದು ಎಂಬ ಸಾಲು ಮಾತ್ರ ಗಟ್ಟಿಯಾಗಿ ಜಾರಿಯಲ್ಲಿದೆ. ಅರ್ಜಿದಾರರೇ ಸಂದರ್ಶನ ಮುಂದೂಡಿದರೆ ಆ ಎಣಿಕೆ ನಿಲ್ಲುತ್ತದೆ. 2018ರ ಜನವರಿಯಲ್ಲಿ ಕೊನೆಗೆ ಬಂದವರನ್ನು ಮೊದಲು ಕರೆಯುವ ಪದ್ಧತಿ ಮರಳಿ ತಂದರು. ಹಾಗಾಗಿ ಹಳೆಯ ಅರ್ಜಿ ಹಳೆಯದಾದಷ್ಟೂ ಹಿಂದೆ ಬಿತ್ತು. ಅರ್ಜಿಗೆ ದೇಶ ಪ್ರವೇಶಿಸಿ ಒಂದು ವರ್ಷದ ಗಡುವು, ವಿನಾಯಿತಿ ಕಡಿಮೆ. 2025ರ ಜುಲೈನ ಕಾಯ್ದೆ ಬಂದ ಮೇಲೆ ಅರ್ಜಿಗೆ 100 ಡಾಲರ್, ಬಾಕಿ ಇರುವ ಪ್ರತಿ ವರ್ಷಕ್ಕೆ ಮತ್ತೆ 100 ಡಾಲರ್ ಶುಲ್ಕ, ಬೆಲೆ ಏರಿದಂತೆ ಅದೂ ಏರುವ ವ್ಯವಸ್ಥೆಯೊಂದಿಗೆ. ಕಚೇರಿ ತಡ ಮಾಡಿದ್ದಕ್ಕೆ ಕಾಯುವವರು ಹಣ ತೆರುವ ಈ ಪದ್ಧತಿ ನಮಗೆ ಅನ್ಯಾಯವೆಂದೇ ಕಾಣುತ್ತದೆ.

ಪಿರಿಯಾಪಟ್ಟಣದ ಶಿಕ್ಷಕರು: ನಮ್ಮ ಪಕ್ಕದ ಬೈಲಕುಪ್ಪೆಯ ಟಿಬೆಟನ್ನರು ಇಂಥ ಅರ್ಜಿ ಹಾಕಿದ್ದರೇ?

ಒಬ್ಬೊಬ್ಬರಾಗಿ ಅಲ್ಲ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ಆಶ್ರಯಕ್ಕೆಂದು ಪ್ರತ್ಯೇಕ ಕಾನೂನೂ ಇಲ್ಲ. 1959ರ ನಂತರ ಬಂದ ಟಿಬೆಟನ್ನರನ್ನು ಸರ್ಕಾರ ಒಂದು ಸಮುದಾಯವಾಗಿಯೇ ಸ್ವೀಕರಿಸಿತು. 1960ರಲ್ಲಿ ಬೈಲಕುಪ್ಪೆಯ ನೆಲೆ ಶುರುವಾಯಿತು, ಆಮೇಲೆ ಮುಂಡಗೋಡ, ಕೊಳ್ಳೇಗಾಲದ ಕಡೆಯವು. ಸಂದರ್ಶನದ ಸರದಿ ಇರಲಿಲ್ಲ. ಅವರ ಕೈಲಿರುವುದು ನೋಂದಣಿ ಪ್ರಮಾಣಪತ್ರ, ಆರ್‌ಸಿ ಎನ್ನುತ್ತಾರೆ. ಅದನ್ನು ಅವಧಿಗೆ ಸರಿಯಾಗಿ ನವೀಕರಿಸುತ್ತಿರಬೇಕು. ಅಫ್ಘಾನಿಸ್ತಾನ, ಮ್ಯಾನ್ಮಾರ್ ಮುಂತಾದ ಕಡೆಯಿಂದ ಬಂದವರಲ್ಲಿ ಹಲವರ ಅರ್ಜಿಗಳನ್ನು ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಒಂದೊಂದಾಗಿ ವಿಚಾರಿಸುತ್ತದೆ. ಗುಂಪಾಗಿ ಒಪ್ಪಿದಲ್ಲಿ ಬಾಕಿ ಹುಟ್ಟುವುದಿಲ್ಲ, ಒಬ್ಬೊಬ್ಬರ ಕತೆ ತೂಗಿ ನೋಡುವಲ್ಲಿ ಹುಟ್ಟುತ್ತದೆ. 2023ರ ಫೆಬ್ರವರಿಯಲ್ಲಿ ಬ್ರಿಟನ್ ಕೂಡ ಅಫ್ಘಾನಿಸ್ತಾನ, ಎರಿಟ್ರಿಯಾ, ಲಿಬಿಯಾ, ಸಿರಿಯಾ, ಯೆಮೆನ್ ದೇಶಗಳವರಿಗೆ ಸಂದರ್ಶನದ ಬದಲು ಪ್ರಶ್ನಾವಳಿ ಕಳಿಸಿದ್ದು ಈ ಕಾರಣಕ್ಕೇ. ಇಂಗ್ಲಿಷಿನಲ್ಲಿ ತುಂಬಿ 20 ಕೆಲಸದ ದಿನಗಳಲ್ಲಿ ಮರಳಿಸಬೇಕಿತ್ತು. ವಕೀಲರೇ ಸಿಗದವರು ಪಕ್ಕದ ಕೋಣೆಯವರಿಂದ ತುಂಬಿಸಿಕೊಳ್ಳಬೇಕಾಯಿತು.

ಲಂಡನ್ನಿನ ಓದುಗರು: ಪರಿಚಿತರ ಅರ್ಜಿ ತಿರಸ್ಕಾರವಾಗಿದೆ. ಪತ್ರ ಕೈಗೆ ಸಿಕ್ಕಾಗಲೇ ಹತ್ತು ದಿನ ಕಳೆದಿತ್ತು. ಎಷ್ಟು ಸಮಯ ಇದೆ?

ದೇಶದೊಳಗಿಂದ ಮೇಲ್ಮನವಿಗೆ 14 ದಿನ, ಲೆಕ್ಕ ಪತ್ರ ಕಳಿಸಿದ ದಿನದಿಂದ. ನಾಲ್ಕು ದಿನ ಉಳಿದಿದೆ ಎಂದುಕೊಂಡು ಇವತ್ತೇ ಹೊರಡಿ. ಮೊದಲು ಪತ್ರದ ಕೊನೆಯ ಪುಟ ನೋಡಿ. ಮೇಲ್ಮನವಿಯ ಹಕ್ಕಿದೆ ಎಂದಿದೆಯೇ, 94ನೇ ಸೆಕ್ಷನ್ನಿನಡಿ ಪ್ರಮಾಣೀಕರಿಸಿದ್ದಾರೆಯೇ? ಪ್ರಮಾಣೀಕರಿಸಿದ್ದರೆ ಉಳಿದದ್ದು ನ್ಯಾಯಾಂಗ ಪರಿಶೀಲನೆ, ಅದಕ್ಕೆ ಸಾಲಿಸಿಟರ್ ಬೇಕೇ ಬೇಕು. ಹಕ್ಕಿದ್ದರೆ ಮೊದಲ ಹಂತದ ನ್ಯಾಯಮಂಡಳಿಗೆ ಆನ್‌ಲೈನಿನಲ್ಲೇ ಸಲ್ಲಿಸಬಹುದು. ಶುಲ್ಕ ಕಾಗದಪತ್ರ ನೋಡಿಯೇ ಮುಗಿಸುವ ವಿಚಾರಣೆಗೆ 80 ಪೌಂಡ್, ಎದುರುಬದುರು ವಿಚಾರಣೆಗೆ 140. ಸರ್ಕಾರಿ ಭತ್ಯೆ ಅಥವಾ ಕಾನೂನು ನೆರವು ಪಡೆಯುವವರಿಗೆ ಶುಲ್ಕವಿಲ್ಲ. ಎದುರುಬದುರು ವಿಚಾರಣೆಯನ್ನೇ ಕೇಳಿ, ನಂಬಿಕೆಯ ಪ್ರಶ್ನೆ ಬಂದಾಗ ನ್ಯಾಯಾಧೀಶರು ವ್ಯಕ್ತಿಯ ಮಾತು ಕೇಳಬೇಕು. ಪೂರ್ತಿ ವಾದ ಸಿದ್ಧವಾಗಿಲ್ಲವೆಂದು ನಿಲ್ಲಬೇಡಿ, ಕಾರಣಗಳನ್ನು ಚುಟುಕಾಗಿ ಬರೆದು ಮೊದಲು ದಾಖಲಿಸಿ, ವಿವರ ಆಮೇಲೆ ಕೊಡಬಹುದು. 14 ದಿನ ದಾಟಿಯೇ ಹೋದರೂ ಬಿಡಬೇಡಿ. ತಡಕ್ಕೆ ಕಾರಣ ಬರೆದು, ಪತ್ರ ಹಳೆಯ ವಿಳಾಸಕ್ಕೆ ಹೋಗಿದ್ದರೆ ಆ ಲಕೋಟೆಯ ಫೋಟೊ ಮತ್ತು ವಿಳಾಸ ಬದಲಾವಣೆ ತಿಳಿಸಿದ್ದ ಇಮೇಲ್ ಲಗತ್ತಿಸಿ, ಸಮಯ ವಿಸ್ತರಣೆ ಕೋರಿ ಸಲ್ಲಿಸಿ.